ಮೋನಾಳ ಪುಟ, ಲೊರೆಟಾಳ ಪುಟ

ತಿಂಗಳ ಮೊದಲ ಶನಿವಾರ ಲೊರೆಟಾ ಟೋಬಿನ್ ಪಾಪನಿವೇದನೆಗೆ ಮಂಡಿಯೂರಿದಳೆಂದರೆ, ಅವಳು ಬಾಯಿ ಬಿಡುವ ಮೊದಲೇ ಪಾದ್ರಿಗೆ ವಿಷಯ ಗೊತ್ತಿರುತ್ತಿತ್ತು. "ಹೊಟ್ಟೆಕಿಚ್ಚು ಫಾದರ್, ಮತ್ತೆ ಅದೇ," ಎನ್ನುತ್ತಿದ್ದಳು. ಹದಿನಾಲ್ಕು ವರ್ಷ ಇದನ್ನೇ ಕೇಳಿ ಬೇಸತ್ತ ಆ ಮುದುಕರು ಒಮ್ಮೆ ಜಾಲರಿಯ ಆಚೆಯಿಂದ, "ಲೊರೆಟಾ, ಪಾಪಾನಾದ್ರೂ ಬದಲಾಯಿಸಮ್ಮಾ, ನಂಗೂ ಬೇಜಾರು ಬರುತ್ತೆ," ಎಂದುಬಿಟ್ಟರಂತೆ. ಇದನ್ನು ಸೇಂಟ್ ಕೆವಿನ್ಸ್ ಕೋವ್ ಎಂಬ ನಮ್ಮೂರಿಗೆಲ್ಲ ಹೇಳಿ ನಗಿಸಿದವಳು ಲೊರೆಟಾಳೇ. ತನ್ನ ಹೊಟ್ಟೆಯ ಬೆಂಕಿಯನ್ನು ಅವಳು ಯಾವತ್ತೂ ಬಚ್ಚಿಟ್ಟವಳಲ್ಲ. ಮುಖದಲ್ಲಿ ನಗು, ಒಳಗೆ ಕುದಿ ಎನ್ನುವವರಿಗಿಂತ ಇವಳು ಎಷ್ಟೋ ವಾಸಿ ಎಂದು ನಮ್ಮ ಊರು ಅವಳನ್ನು ಸಹಿಸಿಕೊಂಡಿತ್ತು.

ಹುಟ್ಟುಗುಣ ಸುಟ್ಟರೂ ಹೋಗದು. ಏಳನೇ ವಯಸ್ಸಿನಲ್ಲಿ ಅಕ್ಕನ ಬಿಳಿ ಬೂಟು ತನ್ನದಕ್ಕಿಂತ ಚೆನ್ನಾಗಿದೆಯೆಂದು ಅದರ ಒಂದು ಕಾಲನ್ನು ಹಡಗುಕಟ್ಟೆಯಿಂದ ಸಮುದ್ರಕ್ಕೆ ಎಸೆದವಳು ಅವಳು. ಒಂದೇ ಕಾಲು ಏಕೆ ಎಂದು ಅಪ್ಪ ಕೇಳಿದಾಗ, "ಇನ್ನೊಂದು ನೋಡಿ ನೋಡಿ ಅವಳು ಅಳ್ಲಿ ಅಂತ," ಎಂದಿದ್ದಳಂತೆ. ಮದುವೆಯಾದ ಮೇಲೆ ಎದುರುಮನೆಯ ಕಿಟಕಿಯ ಪರದೆ, ಪಕ್ಕದ ಮನೆಯ ಆಲೂಗಡ್ಡೆ, ಇಗರ್ಜಿಯ ಬೇಸಿಗೆ ಕೂಟದಲ್ಲಿ ಬೇರೆಯವರ ಜಾಮಿಗೆ ಬಿದ್ದ ಮೊದಲ ಬಹುಮಾನದ ನೀಲಿ ರಿಬ್ಬನ್, ಎಲ್ಲವೂ ಅವಳ ನಿದ್ದೆ ಕೆಡಿಸಿದವು. ಕೊನೆಗೆ ಆ ರಿಬ್ಬನ್ ಅವಳಿಗೇ ಬಂತು, ಸತತ ಮೂರು ವರ್ಷ. ಆಗಲೂ ನೆಮ್ಮದಿಯಿಲ್ಲ. ಎರಡನೇ ಬಹುಮಾನದವಳಿಗೆ ಜನ ಜಾಸ್ತಿ ಚಪ್ಪಾಳೆ ತಟ್ಟಿದರು ಎಂಬ ಸಂಕಟ.

ಕಾಡ್ ಮೀನು ಹಿಡಿಯಕೂಡದೆಂದು ಸರ್ಕಾರ ನಮ್ಮ ನ್ಯೂಫೌಂಡ್‌ಲ್ಯಾಂಡ್ ದ್ವೀಪದ ಸಮುದ್ರಕ್ಕೇ ಬೀಗ ಜಡಿದ ವರ್ಷ, ಮೀನಿನ ಕಾರ್ಖಾನೆಯಲ್ಲಿ ಅವಳಿಗಿದ್ದ ಕೆಲಸ ಹೋಯಿತು. ಗಂಡ ಲಿಯೊ ಏಡಿ ಹಿಡಿಯುವ ದೋಣಿ ಸೇರಿದ. ಲೊರೆಟಾ ಗುಡ್ಡದ ಪಾರ್ಟ್ರಿಜ್‌ಬೆರಿ ನಂಬಿಕೊಂಡಳು. ನೆಲಕ್ಕಂಟಿ ಬೆಳೆಯುವ, ಮೊದಲು ಹುಳಿ ಆಮೇಲೆ ಸಿಹಿಯಾಗುವ ಆ ಕೆಂಪು ಹಣ್ಣನ್ನು ಫ್ರೀಜರಿನ ಬಾಯಿ ಮುಚ್ಚದಷ್ಟು ತುಂಬಿಟ್ಟುಕೊಂಡು ವರ್ಷವಿಡೀ ಜಾಮ್ ಮಾಡಿದಳು. ಭಾನುವಾರ ಒಂದು ಬಿಟ್ಟು ದಿನಾ ಬೆಳಿಗ್ಗೆ ಐದಕ್ಕೇ ಒಲೆ ಹತ್ತುತ್ತಿತ್ತು. ಅವಳ ಮನೆಯಲ್ಲಿ ಬಾಗಿಲ ಹಿಡಿ ಅಂಟು, ಟೆಲಿಫೋನು ಅಂಟು, ಲಿಯೊ ಹೇಳುವಂತೆ ಹೆಂಡತಿ ಕೊಡುವ ಮುತ್ತೂ ಅಂಟು.

ಅವರಿಗೆ ಒಬ್ಬಳೇ ಮಗಳು, ನೋರೀನ್. ಒಂಬತ್ತು ವರ್ಷದವಳಿದ್ದಾಗ ಆ ಹುಡುಗಿಗೆ ಎಷ್ಟು ನೀರು ಕುಡಿದರೂ ಆರದ ದಾಹ ಹತ್ತಿತು. ತಿಂಗಳೊಳಗೆ ಮೈ ಕಡ್ಡಿಯಾಯಿತು. ಸೇಂಟ್ ಜಾನ್ಸ್ ಪಟ್ಟಣದ ಆಸ್ಪತ್ರೆಯಲ್ಲಿ, ಇದು ಮಕ್ಕಳಿಗೆ ಬರುವ ಸಕ್ಕರೆ ಕಾಯಿಲೆ, ಟೈಪ್ ಒನ್, ಬದುಕಿರುವಷ್ಟು ದಿನ ಇನ್ಸುಲಿನ್ ಸೂಜಿ ಬೇಕು ಎಂದರು. ನಮ್ಮ ಕಡಲತೀರಕ್ಕೆ ಇದು ಹೊಸದಲ್ಲ. ಊರಿಗೊಂದು ಮಗುವಾದರೂ ಶಾಲೆಯ ಚೀಲದಲ್ಲಿ ಸೂಜಿ ಇಟ್ಟುಕೊಂಡಿರುತ್ತದೆ. ಹಾಗೆಂದು ತಾಯಿಯ ಹೊಟ್ಟೆ ಕೇಳುತ್ತದೆಯೇ? ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು, ಹಾದುಹೋಗುವ ಪ್ರತಿಯೊಂದು ಆರೋಗ್ಯವಂತ ಮಗುವಿನ ಮೇಲೂ ಅವಳು ಹೊಟ್ಟೆ ಉರಿದುಕೊಂಡಳು.

ಅಲ್ಲಿನ ನರ್ಸ್ ಮಿಸೆಸ್ ಪೆನ್ನಿ ಎಲ್ಲ ಕಲಿಸಿಕೊಟ್ಟಳು. ಸ್ಪಿರಿಟ್ ಹತ್ತಿಯಿಂದ ಬೆರಳು ಒರೆಸಬೇಕು, ಚುಚ್ಚಬೇಕು, ಬುಡದಿಂದ ಮೆಲ್ಲಗೆ ಒತ್ತಿ ಒಂದು ಹನಿ ರಕ್ತವನ್ನು ಸಕ್ಕರೆ ಅಳೆಯುವ ಮೆಷಿನ್ನಿನ ಸ್ಟ್ರಿಪ್ಪಿಗೆ ತಾಗಿಸಬೇಕು. ಮೆಷಿನ್ ಮೂವತ್ತು ಎಣಿಸಿ ಸಂಖ್ಯೆ ತೋರಿಸುತ್ತದೆ. ನಮ್ಮ ಕಡೆಯ ಮೆಷಿನ್ನಿನ ಲೆಕ್ಕದಲ್ಲಿ ನಾಲ್ಕರಿಂದ ಎಂಟರೊಳಗಿದ್ದರೆ ನೆಮ್ಮದಿ. ಹದಿನೈದು ದಾಟಿದರೆ ಸಿರಿಂಜಿನಲ್ಲಿ ಇನ್ಸುಲಿನ್ ಎರಡು ಗೆರೆ ಜಾಸ್ತಿ. ನಾಲ್ಕಕ್ಕಿಂತ ಕೆಳಗಿಳಿದರೆ ತಕ್ಷಣ ಸಿಹಿ ಕೊಡಬೇಕು, ಇಲ್ಲದಿದ್ದರೆ ಮಗು ಕುಸಿಯುತ್ತದೆ. ಪ್ರತಿಯೊಂದು ಸಂಖ್ಯೆಯನ್ನೂ ನೋಟ್‌ಬುಕ್ಕಿನಲ್ಲಿ ಬರೆಯಬೇಕು.

ದಿನಕ್ಕೆ ನಾಲ್ಕು ಸಲ ನೋರೀನ್ ಬಂದು ಅಡುಗೆಮನೆಯ ಮೇಜಿನ ಮುಂದೆ ಕೂತು ಅಮ್ಮನ ಅಂಗೈಯಲ್ಲಿ ಬೆರಳು ಇಡುತ್ತಿದ್ದಳು. ಲೊರೆಟಾ ಒಲೆಯ ಮುಂದಿನಿಂದ ಬಂದು, ಏಪ್ರನ್ನಿಗೆ ಕೈ ಒರೆಸಿಕೊಂಡು, ಮಗಳ ಬೆರಳನ್ನು ಸ್ಪಿರಿಟ್ಟಿನಿಂದ ಒರೆಸಿ, ಚುಚ್ಚಿ, ಒತ್ತಿ ಹಿಡಿಯುತ್ತಿದ್ದಳು. ಯಾರಿಗೂ ಹೇಳದ ಒಂದು ಮಾತು ಅವಳೊಳಗಿತ್ತು. ಈ ಹೊತ್ತು ಅವಳಿಗೆ ಇಷ್ಟವಾಗುತ್ತಿತ್ತು. ಬೆಳೆಯುತ್ತಿರುವ ಮಗಳು ಉಳಿದೆಲ್ಲದಕ್ಕೂ ಕೈ ಕೊಸರಿಕೊಂಡು ಓಡುತ್ತಿದ್ದಳು. ಬೆರಳನ್ನು ಮಾತ್ರ ತಾನಾಗಿ ತಂದು ಕೊಡುತ್ತಿದ್ದಳು. ಇದೊಂದರಲ್ಲಿ ತನಗೆ ಸಾಟಿಯಿಲ್ಲ, ಪಾಲುದಾರರೂ ಇಲ್ಲ ಎಂದು ಲೊರೆಟಾ ಎದೆಯುಬ್ಬಿಸಿಕೊಂಡಿದ್ದಳು.

ಆಗ ಮೋನಾ ಬಂದಳು ನಡುವೆ.

ಮೋನಾ ಟೋಬಿನ್ ಲಿಯೊನ ಅಕ್ಕ, ಐವತ್ತು ದಾಟಿದವಳು, ಮದುವೆಯಾದವಳಲ್ಲ. ಇಪ್ಪತ್ತು ನಿಮಿಷದ ದಾರಿಯಾಚೆ ಪಾಯಿಂಟ್ ಕ್ಲೇರ್‌ನ ಏಡಿ ಕಾರ್ಖಾನೆಯಲ್ಲಿ ಕೆಲಸ, ಮನೆಯೂ ಅಲ್ಲೇ. ಉದ್ದ ದೇಹ, ಗಿಡ್ಡ ಮಾತು. ಏಡಿಯ ನಾತ ಎಂಥದ್ದೆಂದು ಮೂಸಿದವರಿಗೇ ಗೊತ್ತು. ಅದಕ್ಕೆ ಅವಳ ಮನೆಯ ಹಿಂಬಾಗಿಲ ಕೋಣೆಯಲ್ಲಿ ಒಂದು ಬೋಗುಣಿ, ಒಂದು ಗಟ್ಟಿ ಹಳದಿ ಸೋಪು, ಉಗುರಿಗೊಂದು ಬ್ರಷ್ಷು. ಬಿಷಪ್ಪರೇ ಬಂದರೂ ಕೈ ತೊಳೆಯದೆ ಅಡುಗೆಮನೆ ಹೊಸ್ತಿಲು ದಾಟುವಂತಿಲ್ಲ. ಲೊರೆಟಾ ಹೊಸ ಸೊಸೆಯಾಗಿ ಬಂದಾಗಲೂ ಅವಳು "ಕೈ!" ಎಂದು ಬೋಗುಣಿ ತೋರಿಸಿದ್ದಳು. "ಏಡಿ ನಾತದವಳು ನಂಗೆ ಶುಚಿ ಹೇಳ್ಕೊಡ್ತಾಳೆ," ಎಂದು ಆವತ್ತು ಕಟ್ಟಿಕೊಂಡ ಕೋಪವನ್ನು ಲೊರೆಟಾ ಹದಿನೈದು ವರ್ಷ ಬಿಚ್ಚಲಿಲ್ಲ. ಆ ಮನೆಗೆ ಹೋಗಬೇಕಾದರೆ ವ್ಯಾನಿನಲ್ಲೇ ಕೂತು ಹಾರ್ನ್ ಹೊಡೆಯುತ್ತಿದ್ದಳು.

ಹನ್ನೆರಡು ತುಂಬಿದ ಸೆಪ್ಟೆಂಬರಿನಲ್ಲಿ ನೋರೀನ್ ಪಾಯಿಂಟ್ ಕ್ಲೇರ್‌ನ ಶಾಲೆಯ ವಾಲಿಬಾಲ್ ತಂಡ ಸೇರಿದಳು. ಗುರುವಾರ, ಶುಕ್ರವಾರ ಅಭ್ಯಾಸ ಮುಗಿಯುವಾಗ ಶಾಲೆಯ ಬಸ್ಸು ಹೊರಟುಹೋಗಿರುತ್ತಿತ್ತು. ಆ ಎರಡು ರಾತ್ರಿ ಮೋನಾ ಅತ್ತೆಯ ಮನೆಯಲ್ಲಿ ಇರಲಿ ಎಂದು ಲಿಯೊ ಹೇಳಿದ. ಲೊರೆಟಾ ಹಲ್ಲು ಕಡಿದು ಒಪ್ಪಿದಳು.

ಮೊದಲ ಶನಿವಾರ ಮಗಳ ಚೀಲದಿಂದ ನೋಟ್‌ಬುಕ್ ತೆಗೆದು ನೋಡಿದಾಗ ಅವಳ ಮೈಯೆಲ್ಲ ಉರಿದುಹೋಯಿತು. ಎಡಗಡೆಯ ಪುಟ ಅವಳದು, ನೀಲಿ ಪೆನ್ನು, ಅಚ್ಚುಕಟ್ಟು ಅಕ್ಷರ: ಹದಿನೇಳು, ಇಪ್ಪತ್ತೊಂದು, ಹದಿನಾರು, ಹತ್ತೊಂಬತ್ತು. ಬಲಗಡೆಯ ಪುಟ ಮೋನಾಳದು, ಮೊಂಡು ಪೆನ್ಸಿಲ್, ಕೋಳಿ ಕೆದಕಿದ ಅಕ್ಷರ: ಏಳು, ಆರು, ಎಂಟು, ಏಳು.

"ಅಲ್ಲೇನು ತಿಂದೆ?"

"ಬ್ರೆಡ್ಡು. ಮೀನು, ಆಲೂಗಡ್ಡೆ."

"ಮತ್ತೆ?"

"ಒಂದ್ಸಲ ಒಣದ್ರಾಕ್ಷಿ ಪುಡಿಂಗ್."

"ಪುಡಿಂಗಾ! ಪುಡಿಂಗ್ ತಿಂದು ಎಂಟಾ? ನಾನಿಲ್ಲಿ ನಿಂಗೆ ಬಟಾಣಿ ಎಣಿಸಿ ಹಾಕ್ತೀನಿ, ಇಪ್ಪತ್ತೊಂದು ಬರುತ್ತೆ. ಅವ್ಳು ಪುಡಿಂಗ್ ಕೊಟ್ಟು ಎಂಟು ಬರ್ಸ್ತಾಳಾ?"

"ನಂಗೇನಮ್ಮಾ ಗೊತ್ತು. ಬಂದಿದ್ದು ಬರ್ದಿದೆ."

ಪ್ರತಿ ವಾರ ಇದೇ ಕಥೆ. ಲೊರೆಟಾ ಊಟದ ಅಳತೆ ಇನ್ನೂ ಬಿಗಿ ಮಾಡಿದಳು, ತಕ್ಕಡಿ ತಂದಳು, ಮಗಳ ಕೋಟಿನ ಜೇಬು ತಡಕಿದಳು. ಅವಳ ಪುಟದಲ್ಲಿ ಭಾನುವಾರ ಒಂದೇ ದಿನ ಸಂಖ್ಯೆ ಸರಿಯಾಗಿರುತ್ತಿತ್ತು. ಅದು ಇಗರ್ಜಿಯ ಬಲಿಪೂಜೆಯ ಫಲ ಎಂದುಕೊಂಡು ಜಪಮಾಲೆಯನ್ನು ವಾರದ ದಿನಗಳಿಗೂ ವಿಸ್ತರಿಸಿದಳು. ಏನೂ ಪ್ರಯೋಜನವಾಗಲಿಲ್ಲ. ಸಂಖ್ಯೆ ಜಾಸ್ತಿ ಬಂದಾಗಲೆಲ್ಲ ಇನ್ಸುಲಿನ್ ಜಾಸ್ತಿ ಕೊಟ್ಟಳು. ಕೊಟ್ಟ ಒಂದೆರಡು ಗಂಟೆಗೆ ಹುಡುಗಿ ಬೆವರಿ ನಡುಗುತ್ತಿದ್ದಳು. ಆಗ ಷರಬತ್ತು ಕುಡಿಸುತ್ತಿದ್ದಳು. ಏರಿಸುವುದೂ ಇಳಿಸುವುದೂ ಅವಳದೇ ಕೆಲಸವಾಯಿತು.

"ಅಮ್ಮಾ, ನಂಗೆ ಸಕ್ಕರೆ ಹೈ ಆದಂಗೆ ಅನ್ಸ್ತಿಲ್ಲ. ಬಾಯಿ ಒಣಗಿಲ್ಲ, ಏನಿಲ್ಲ," ಎಂದು ನೋರೀನ್ ಎಷ್ಟೋ ಸಲ ಹೇಳಿದ್ದಳು.

"ನಿಂಗೇನು ಗೊತ್ತಾಗುತ್ತೆ? ಮೆಷಿನ್ ಸುಳ್ಳು ಹೇಳುತ್ತಾ?"

ಕಾಮಾಲೆ ಕಣ್ಣಿಗೆ ಕಾಣುವುದೆಲ್ಲ ಹಳದಿ. ಲೊರೆಟಾಗೆ ಕಂಡದ್ದು ಒಂದೇ: ಮಗಳ ರಕ್ತ ಕೂಡ ತನ್ನ ಮನೆಗಿಂತ ಆ ಮನೆಯನ್ನು ಮೆಚ್ಚಿದೆ. ಮೋನಾ ಸುಳ್ಳು ಸಂಖ್ಯೆ ಬರೆಯುತ್ತಾಳೆ ಎಂದು ನಂಬಿದರೆ ಸ್ವಲ್ಪ ಸಮಾಧಾನವಾಗುತ್ತಿತ್ತು. ಹಾಗೆ ನಂಬಿಕೊಂಡಳು. ಊರಲ್ಲಿ ಯಾರೋ ಮೋನಾಳನ್ನು ಹೊಗಳಿದಾಗ, "ಹೆರೋ ನೋವು ಬಂಜೆಗೇನು ಗೊತ್ತು? ಎರಡು ದಿನ ಎತ್ತಿ ಆಡಿಸೋದು ಯಾರಾದ್ರೂ ಮಾಡ್ತಾರೆ," ಎಂದಳು. ಸಣ್ಣ ಊರಿನಲ್ಲಿ ಇಂಥ ಮಾತಿಗೆ ಕಾಲು ಬೇಗ ಬರುತ್ತದೆ. ಮೋನಾಳ ಕಿವಿಗೂ ಅದು ಬಿತ್ತು. ಅವಳು ಏನೂ ಅನ್ನಲಿಲ್ಲ. ಅನ್ನದಿದ್ದುದೂ ಲೊರೆಟಾಗೆ ಉರಿಯಿತು.

ಅಕ್ಟೋಬರ್ ಕೊನೆಯ ಒಂದು ಸೋಮವಾರ, ಶಾಲೆಯಿಂದ ಬಂದ ನೋರೀನ್‌ಳ ಸಂಖ್ಯೆ ಇಪ್ಪತ್ತೆರಡು ಬಂತು. ಲೊರೆಟಾ ಸೂಜಿ ಕೊಟ್ಟಳು. ಊಟಕ್ಕೆ ಕರೆಯಲು ಹೋದಾಗ ಹುಡುಗಿ ಮಂಚದ ಪಕ್ಕ ನೆಲದ ಮೇಲೆ ಬಿದ್ದಿದ್ದಳು. ಮಾತು ತೊದಲುತ್ತಿತ್ತು, ಕಣ್ಣು ಮೇಲಕ್ಕೆ ಸಿಕ್ಕಿಕೊಂಡಿತ್ತು. ಲಿಯೊ ಓಡಿಬಂದು ತೊಡೆಯ ಮೇಲೆ ಮಲಗಿಸಿಕೊಂಡು, ಬೆರಳಿನಿಂದ ಸಕ್ಕರೆ ಪಾಕವನ್ನು ಒಸಡಿಗೆ ಉಜ್ಜುತ್ತಾ ಕೂತ. ಕಾಲು ಗಂಟೆ ಕಳೆದ ಮೇಲೆ ಅವಳು ಅಪ್ಪನನ್ನು ಗುರುತು ಹಿಡಿದಳು. ಆ ಕಾಲು ಗಂಟೆ ಲೊರೆಟಾ ಬಾಗಿಲ ಚೌಕಟ್ಟು ಹಿಡಿದು ನಿಂತೇ ಇದ್ದಳು. ತಾನು ಕೊಟ್ಟ ಸೂಜಿಯಿಂದಲೇ ಮಗು ಹೀಗಾಯಿತು ಎಂಬುದು ಗೊತ್ತಿತ್ತು. ಇಪ್ಪತ್ತೆರಡಕ್ಕೆ ಸೂಜಿ ಕೊಡದೆ ಇನ್ನೇನು ಮಾಡಬೇಕಿತ್ತು ಎಂಬುದು ಗೊತ್ತಿರಲಿಲ್ಲ.

ಮರುದಿನವೇ ಪಟ್ಟಣಕ್ಕೆ ಹೋದರು. ಮಿಸೆಸ್ ಪೆನ್ನಿ ತೋಳಿನಿಂದ ರಕ್ತ ತೆಗೆಸಿ, ಹಿಂದಿನ ಮೂರು ತಿಂಗಳ ಸರಾಸರಿ ಹೇಳುವ ಪರೀಕ್ಷೆ ಮಾಡಿಸಿದಳು. ಒಂದು ಕೈಯಲ್ಲಿ ಆ ಚೀಟಿ, ಇನ್ನೊಂದರಲ್ಲಿ ನೋಟ್‌ಬುಕ್ ಹಿಡಿದು ಬಹಳ ಹೊತ್ತು ನೋಡಿದಳು.

"ಮಿಸೆಸ್ ಟೋಬಿನ್, ಈ ಚೀಟಿ ಪ್ರಕಾರ ಇವ್ಳ ಸಕ್ಕರೆ ಚೆನ್ನಾಗೇ ಇದೆ. ಸ್ವಲ್ಪ ಜಾಸ್ತೀನೇ ಚೆನ್ನಾಗಿದೆ. ನಿಮ್ಮ ಪುಟ ನೋಡಿದ್ರೆ ಈ ಹುಡ್ಗಿ ನನ್ನ ಮುಂದೆ ಹಿಂಗೆ ಕೂತಿರ್ಬಾರ್ದು. ಇಪ್ಪತ್ತು ವರ್ಷ ಆಯ್ತು ನಾನು ಈ ಪುಸ್ತಕಗಳ್ನ ನೋಡೋಕೆ ಶುರು ಮಾಡಿ. ಕಮ್ಮಿ ಮಾಡಿ ಬರೆಯೋ ಮಕ್ಕಳು ಬೇಕಾದಷ್ಟು. ಜಾಸ್ತಿ ಮಾಡಿ ಬರ್ದವರ್ನ ಕಂಡಿಲ್ಲ."

"ನಾನು ಬಂದಿದ್ನೇ ಬರ್ದಿದೀನಿ!"

"ಬೆರಳು ಸ್ವಚ್ಛ ಮಾಡ್ತೀರಾ?"

"ಪ್ರತಿ ಸಲ ಸ್ಪಿರಿಟ್ ಹತ್ತೀಲಿ ಒರೆಸ್ತೀನಿ. ನೀವೇ ಕಲ್ಸಿದ್ದು."

"ಸರಿ ಮತ್ತೆ." ನರ್ಸ್ ಪುಟದ ಬಲಭಾಗಕ್ಕೆ ಬೆರಳಿಟ್ಟಳು. "ಈ ಪೆನ್ಸಿಲ್ ಯಾರದು?"

"ಮೋನಾ ಅತ್ತೇದು, ವಾರಕ್ಕೆ ಎರಡು ರಾತ್ರಿ ಅಲ್ಲಿರ್ತೀನಿ," ಎಂದಳು ನೋರೀನ್.

"ಚೀಟಿಗೆ ತಾಳೆ ಆಗೋದು ಇವರ ಪುಟ. ಇವರ ಮನೇಲಿ ಒಂದ್ಸಲಾನೂ ಸಕ್ಕರೆ ಲೋ ಆಗಿಲ್ಲ. ನೋಡಿ, ನಿನ್ನೆ ಥರ ಇನ್ನೊಂದ್ಸಲ ಆಗ್ಬಾರ್ದು. ಆರು ವಾರ, ಶಾಲೆ ಇರೋ ದಿನಗಳೆಲ್ಲ ಇವ್ಳು ಅಲ್ಲೇ ಇರ್ಲಿ. ಆಮೇಲೆ ನೋಡೋಣ."

"ಮೋನಾ ಅತ್ತೆ ಮನೇಲಾ? ಹೂಂ, ಇರ್ತೀನಿ," ಎಂದಳು ನೋರೀನ್. ಆ "ಹೂಂ" ಎಷ್ಟು ಬೇಗ ಬಂತೆಂಬುದನ್ನು ಲೊರೆಟಾ ದಾರಿಯುದ್ದಕ್ಕೂ ಮೆಲುಕು ಹಾಕಿದಳು. ಆರು ವಾರ ಎಂದವರು ಆರು ತಿಂಗಳು ಎನ್ನುತ್ತಾರೆ, ಆಮೇಲೆ ಮಗಳು ಭಾನುವಾರದ ನೆಂಟಳಾಗುತ್ತಾಳೆ ಎಂದು ಅವಳಿಗೆ ಖಾತ್ರಿಯಾಯಿತು. ಬರುವ ಭಾನುವಾರ ಸೂಟ್‌ಕೇಸ್ ಕಳಿಸುವುದೆಂದು ಲಿಯೊ ತೀರ್ಮಾನಿಸಿದ. "ಮಗು ಉಳೀಬೇಕು ಕಣೇ, ನಿನ್ನ ಹಟ ಅಲ್ಲ," ಎಂದ. ಅವನು ಅಷ್ಟು ಖಾರವಾಗಿ ಮಾತಾಡಿದ್ದು ಅದೇ ಮೊದಲು.

ಗುರುವಾರ ಮಧ್ಯಾಹ್ನ ಜಾಮ್ ಕುದಿಸುತ್ತಿದ್ದ ಲೊರೆಟಾ ಸೌಟು ಕೆಳಗಿಟ್ಟು ತೀರ್ಮಾನ ಮಾಡಿದಳು. ಇವತ್ತು ಹೇಳದೆ ಕೇಳದೆ ಹೋಗಿ ಮೋನಾಳ ಸುಳ್ಳನ್ನು ಕೈಯಾರೆ ಹಿಡಿಯುತ್ತೇನೆ. ನೆಪಕ್ಕೆ ಎರಡು ಬಾಟಲಿ ಬಿಸಿ ಜಾಮ್ ಕಟ್ಟಿಕೊಂಡಳು. ಒಂದರ ಮುಚ್ಚಳ ಸರಿಯಾಗಿ ಕೂತಿರಲಿಲ್ಲ. ಅಂಚಿಗೆ ಬಂದದ್ದನ್ನು ಹೆಬ್ಬೆರಳಿನಿಂದ ಬಳಿದು, ಏಪ್ರನ್ನಿಗೆ ಒರೆಸಿಕೊಂಡು ವ್ಯಾನು ಹತ್ತಿದಳು.

ನಮ್ಮ ಕಡೆ ಮನೆಗಳಿಗೆ ಮುಂಬಾಗಿಲು ಇರುವುದು ಪಾದ್ರಿಗೆ, ಪೊಲೀಸಿಗೆ ಮತ್ತು ಹೆಣಕ್ಕೆ. ಉಳಿದವರೆಲ್ಲ ಹಿಂಬಾಗಿಲಿಂದಲೇ ಬರುವವರು. ಕಳ್ಳತನ ಹಿಡಿಯಲು ಹೋದವಳು ಹಿಂಬಾಗಿಲಿಗೆ ಹೋದರೆ "ಕೈ!" ಎಂಬ ಕೂಗು ಕೇಳಬೇಕು, ಆ ಬೋಗುಣಿಗೆ ತಲೆ ತಗ್ಗಿಸಬೇಕು. ಲೊರೆಟಾ ವ್ಯಾನನ್ನು ರಸ್ತೆಯ ತಿರುವಿನಲ್ಲೇ ಬಿಟ್ಟು ಬಂದು ಸೀದಾ ಮುಂಬಾಗಿಲು ನೂಕಿದಳು. ಬೀಗ ಯಾರು ಹಾಕುತ್ತಾರೆ? ವರ್ಷಕ್ಕೊಮ್ಮೆ ತೆರೆಯುವ ಆ ಬಾಗಿಲು ಸದ್ದಿಲ್ಲದೆ ತೆರೆದುಕೊಂಡಿತು. ತಣ್ಣಗಿದ್ದ ಮುಂಕೋಣೆಯಲ್ಲಿ ಅತ್ತೆ ಮಾವಂದಿರ ಪಟದ ಕೆಳಗೆ ಕೂತು ಕಾದಳು.

ಸ್ವಲ್ಪ ಹೊತ್ತಿಗೆ ಹಿಂದುಗಡೆ ನೋರೀನ್ ಬಂದ ಸದ್ದು. "ಕೈ!" ಎಂಬ ಮೋನಾಳ ದನಿ. "ಗೊತ್ತೂ ಅತ್ತೆ, ಮಗು ಅಲ್ಲ ನಾನು," ಎಂದು ಮಗಳು ನಗುತ್ತಿದ್ದಳು. ನೀರು ಸುರಿಯಿತು, ಬ್ರಷ್ಷು ಉಜ್ಜಿತು. ಬಾಗಿಲ ಸಂದಿಯಿಂದ ಲೊರೆಟಾ ನೋಡಿದಳು. ಹುಡುಗಿ ಮೇಜಿನ ಮುಂದೆ ಕೂತು ತಾನೇ ಬೆರಳು ಚುಚ್ಚಿಕೊಂಡಳು, ತಾನೇ ಒತ್ತಿಕೊಂಡಳು. ಮೋನಾ ದೂರದಲ್ಲಿ ಒಲೆಗೆ ಬೆನ್ನು ಕೊಟ್ಟು, ಎರಡೂ ಕೈಯನ್ನು ಏಪ್ರನ್ನಿನೊಳಗೆ ಸುತ್ತಿಕೊಂಡು ನಿಂತಿದ್ದಳು. ಮಗುವಿನ ಬೆರಳು ಹಿಡಿದುಕೊಳ್ಳುವಷ್ಟೂ ಕರುಳಿಲ್ಲ ಇವಳಿಗೆ ಎಂದುಕೊಂಡಳು ಲೊರೆಟಾ.

"ಆರು ಪಾಯಿಂಟ್ ಎಂಟು," ಎಂದಳು ನೋರೀನ್.

ಲೊರೆಟಾ ಬಾಗಿಲು ತಳ್ಳಿ ಒಳಗೆ ನುಗ್ಗಿದಳು.

"ಅಯ್ಯೋ ದೇವ್ರೇ!" ಮೋನಾ ಎದೆ ಹಿಡಿದುಕೊಂಡಳು. "ಮುಂಬಾಗಿಲಿಂದ ಬಂದ್ಯಾ? ಯಾರು ಸತ್ರು?"

"ಯಾರೂ ಸತ್ತಿಲ್ಲ. ಜಾಮ್ ತಂದೆ." ಬಾಟಲಿಗಳನ್ನು ಮೇಜಿನ ಮೇಲೆ ಕುಕ್ಕಿದಳು. "ಆರು ಪಾಯಿಂಟ್ ಎಂಟಂತೆ! ನನ್ನ ಕಣ್ಣೆದುರಿಗೆ ಬರ್ಲಿ ನೋಡೋಣ. ಬೆರಳು ಕೊಡೇ."

"ಈಗ್ತಾನೆ ನೋಡ್ಕೊಂಡ್ನಲ್ಲಮ್ಮಾ."

"ಕೊಡು ಅಂದೆ."

ನೋರೀನ್ ಅತ್ತೆಯ ಮುಖ ನೋಡಿದಳು. ಅಪ್ಪಣೆ ಕೇಳಿದಂತಿದ್ದ ಆ ನೋಟಕ್ಕೆ ಲೊರೆಟಾ ಅಂಗೈಯನ್ನು ಇನ್ನೂ ಮುಂದೆ ಚಾಚಿದಳು. ಆದರೂ ಹುಡುಗಿ ಎಂದಿನಂತೆ ಬೆರಳು ತಂದು ಅಮ್ಮನ ಅಂಗೈಯಲ್ಲಿಟ್ಟಳು. ಲೊರೆಟಾ ಸ್ಪಿರಿಟ್ಟಿನಿಂದ ಒರೆಸಿದಳು, ಚುಚ್ಚಿದಳು, ಬುಡದಿಂದ ತುದಿಯವರೆಗೆ ಒತ್ತಿ ಹಿಡಿದಳು. ಮೆಷಿನ್ ಮೂವತ್ತು ಎಣಿಸಿತು.

ಹತ್ತೊಂಬತ್ತು ಪಾಯಿಂಟ್ ಮೂರು.

"ನೋಡು! ನೋಡೇ ಮೋನಾ! ನಿನ್ನ ಆರು ಪಾಯಿಂಟ್ ಎಂಟು ಎಲ್ಲೋಯ್ತು? ನಿನ್ನ ಮೆಷಿನ್ನೂ ಸುಳ್ಳು, ನಿನ್ನ ಪೆನ್ಸಿಲ್ಲೂ ಸುಳ್ಳು!"

ಆ ಕ್ಷಣ ಅವಳಿಗಾದ ಸಂತೋಷವನ್ನು ಅವಳೇ ಆಮೇಲೆ ಪಾದ್ರಿಯ ಮುಂದೆ ಹೇಳಿಕೊಂಡು ಅತ್ತಳು. ಮಗಳ ಸಕ್ಕರೆ ಏರಿದೆ ಎಂದು ಹೆತ್ತ ತಾಯಿ ಸಂತೋಷಪಟ್ಟಿದ್ದಳು.

"ಅದೇ ಮೆಷಿನ್ ಲೊರೆಟಾ. ನೀನೇ ಕೊಡ್ಸಿದ್ದು. ಅವ್ಳು ಚೀಲದಲ್ಲಿ ತರ್ತಾಳೆ," ಎಂದಳು ಮೋನಾ.

"ಮಾತು ಬೇಡ. ಸೂಜಿ ತೆಗಿ. ಹತ್ತೊಂಬತ್ತಿದೆ, ಎರಡು ಗೆರೆ ಜಾಸ್ತಿ ಹಾಕ್ಬೇಕು."

"ಹಾಕೋಕೆ ಬಿಡಲ್ಲ." ಮೋನಾ ಮೊದಲ ಸಲ ದನಿ ಏರಿಸಿದಳು. "ಎರಡು ನಿಮಿಷದಲ್ಲಿ ಆರು ಹತ್ತೊಂಬತ್ತಾಗಲ್ಲ. ಸೋಮವಾರ ಮಗು ನೆಲದ ಮೇಲೆ ಬಿದ್ದಿತ್ತು. ಮರ್ತ್ಯಾ?"

"ನಂಗೆ ಹೇಳೋಕೆ ಬರ್ಬೇಡ! ಹೆತ್ತಿದ್ರೆ ತಾನೇ..."

"ಅಮ್ಮಾ," ಎಂದಳು ನೋರೀನ್.

ಚುಚ್ಚಿದ ಬೆರಳಿನಲ್ಲಿ ಇನ್ನೂ ರಕ್ತ ಜಿನುಗುತ್ತಿತ್ತು. ಮಕ್ಕಳು ಮಾಡುವಂತೆ ಅದನ್ನು ಬಾಯಲ್ಲಿಟ್ಟು ಚೀಪುತ್ತಿದ್ದಳು. ಬಾಯಿಂದ ತೆಗೆದು ಬೆರಳನ್ನು ನೋಡಿ, ಮತ್ತೊಮ್ಮೆ ಚೀಪಿದಳು.

"ಅಮ್ಮಾ, ಸಿಹಿ ಇದೆ. ಪಾರ್ಟ್ರಿಜ್‌ಬೆರಿ."

ನೋರೀನ್ ಎದ್ದು ಹಿಂಬಾಗಿಲ ಕೋಣೆಗೆ ಹೋಗಿ ಸೋಪು ಹಚ್ಚಿ ಕೈ ತೊಳೆದು ಬಂದಳು. ಅದೇ ಕೈಯ ಇನ್ನೊಂದು ಬೆರಳನ್ನು ಚುಚ್ಚಿಕೊಂಡಳು. ಮೂರು ಜನವೂ ಮೆಷಿನ್ನಿನ ಮೇಲೆ ಬಗ್ಗಿದರು. ಮೂವತ್ತು ಎಣಿಸುವುದು ಅಷ್ಟು ದೀರ್ಘ ಎಂದು ಲೊರೆಟಾಗೆ ಗೊತ್ತಿರಲಿಲ್ಲ.

ಆರು ಪಾಯಿಂಟ್ ಒಂಬತ್ತು.

ಅಂಗೈ ಹುಣ್ಣಿಗೆ ಕನ್ನಡಿ ಬೇಕೇ ಎನ್ನುತ್ತಾರೆ. ಲೊರೆಟಾಗೆ ಬೇಕಾಯಿತು. ತನ್ನ ಕೈಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡಳು. ಹೆಬ್ಬೆರಳಿನ ಗೆರೆಗಳಲ್ಲಿ, ಉಗುರ ಸಂದಿಯಲ್ಲಿ ಕೆಂಪು ಕೂತಿತ್ತು. ಒಂದು ಸಲ ಒರೆಸಿದ ಸ್ಪಿರಿಟ್ ಏನು ಮಾಡೀತು? ಒರೆಸಿದ ಮೇಲೆ ಹಿಡಿದು ಒತ್ತಿದ್ದು ಈ ಕೈ ತಾನೇ? ಒಲೆ ಹತ್ತದ ಭಾನುವಾರ ಸಂಖ್ಯೆ ಯಾಕೆ ಸರಿ ಬರುತ್ತಿತ್ತೆಂದು ಈಗ ತಿಳಿಯಿತು. ಮಗಳ ರಕ್ತದಲ್ಲಿ ಇಲ್ಲದ ಸಕ್ಕರೆಯನ್ನು ತನ್ನ ಕೈಯಿಂದ ಹಚ್ಚಿ, ಆ ಸಕ್ಕರೆಯನ್ನು ಇಳಿಸಲು ಮಗಳಿಗೆ ಸೂಜಿ ಚುಚ್ಚಿದ್ದಳು. ಎಷ್ಟು ದಿನ, ಎಷ್ಟು ಸೂಜಿ ಎಂದು ನೆನೆಯಲು ಹೋಗಿ ಲೆಕ್ಕ ತಪ್ಪಿತು. ಕುರ್ಚಿಯಲ್ಲಿ ಕುಸಿದಳು.

"ನಾನೇ ಕೊಲ್ತಿದ್ನಲ್ಲೇ," ಎಂದಳು.

"ಹೂಂ, ಸಾಕು," ಎಂದಳು ಮೋನಾ. ಸ್ಟೌವಿನ ಮೇಲಿದ್ದ ಕೆಟ್ಲಿಯಿಂದ ಬಿಸಿನೀರನ್ನು ಬೋಗುಣಿಗೆ ಸುರಿದಳು. "ಎದ್ದೇಳು. ಕೈ ತೊಳ್ಕೊ. ಟೀ ಕೊಡ್ತೀನಿ." ಹೊಸ ಸೊಸೆಯಾಗಿ ಬಂದಾಗ ಹೇಳಿದ ಅದೇ ಮಾತು. ಈ ಸಲ ಲೊರೆಟಾ ಎದ್ದು ಹೋಗಿ ಬೋಗುಣಿಗೆ ತಲೆ ತಗ್ಗಿಸಿದಳು. ಚರ್ಮ ಕಿತ್ತುಬರುವಷ್ಟು ಉಜ್ಜಿದಳು.

ಸೂಟ್‌ಕೇಸ್ ಹೋಗಲಿಲ್ಲ. ಲೊರೆಟಾ ತನ್ನ ಹಿಂಬಾಗಿಲಲ್ಲೂ ಬೋಗುಣಿ ಇಟ್ಟಳು. ಅದನ್ನು ನೋಡಿ ಊರು, "ಏನಮ್ಮಾ, ಮೋನಾ ಇಲ್ಲಿಗೇ ಬಂದ್ಬಿಟ್ಲಾ?" ಎಂದು ಕಾಲೆಳೆಯಿತು. ಹಲ್ಲು ಕಚ್ಚಿಕೊಂಡು ಸಹಿಸಿದಳು. ನೋರೀನ್ ಒಂದೇ ಒಂದು ಷರತ್ತು ಹಾಕಿದ್ದಳು: ಇನ್ನು ಮೇಲೆ ಬೆರಳು ತಾನೇ ಚುಚ್ಚಿಕೊಳ್ಳುತ್ತೇನೆ. ಮಗಳು ಮನೆಯಲ್ಲಿ ಉಳಿದಳು, ಬೆರಳು ಕೈತಪ್ಪಿತು. ಬೆಳಿಗ್ಗೆ ಮಗಳು ಮೇಜಿನ ಮುಂದೆ ಕೂತರೆ ಲೊರೆಟಾಳ ಕೈ ತಾನಾಗಿ ಮುಂದೆ ಹೋಗುತ್ತಿತ್ತು. ಅದನ್ನು ಹಿಂದಕ್ಕೆ ಎಳೆದುಕೊಂಡು ಒಲೆಯ ಕಡೆ ತಿರುಗುತ್ತಿದ್ದಳು.

ಆರು ವಾರದ ಮೇಲೆ ಮತ್ತೆ ಆಸ್ಪತ್ರೆ. ಲಿಯೊ ಸಮುದ್ರದಲ್ಲಿದ್ದ. ದಾರಿಯಲ್ಲಿ ಹಿಮ ಬಿದ್ದಿದ್ದರಿಂದ ಮೋನಾ ಕಾರು ಓಡಿಸಿಕೊಂಡು ಬಂದಳು. ಅವಳು ಹೊರಗೆ ಬೆಂಚಿನ ಮೇಲೆ ಕೂತಳು. ಮಿಸೆಸ್ ಪೆನ್ನಿ ನೋಟ್‌ಬುಕ್ ತಿರುವಿ ಹುಬ್ಬೇರಿಸಿದಳು.

"ಎರಡೂ ಮನೆ ಒಂದೇ ಥರ ಆಗ್ಬಿಟ್ಟಿದೆ! ಒಂದ್ಸಲಾನೂ ಲೋ ಇಲ್ಲ. ಮಿಸೆಸ್ ಟೋಬಿನ್, ಏನ್ ಮಾಡಿದ್ರಿ? ನಿಮ್ಮಂಥ ತಾಯಿ ಎಲ್ಲ ಮಕ್ಕಳಿಗೂ ಸಿಗ್ಲಿ."

ಈ ಮಾತಿಗಾಗಿ ಲೊರೆಟಾ ಮೂರು ವರ್ಷ ಕಾದಿದ್ದಳು. ಸುಮ್ಮನೆ ತಲೆಯಾಡಿಸಿದ್ದರೆ ಆಗಿತ್ತು. ನೋರೀನ್ ಹೇಳುವವಳಲ್ಲ, ಮೋನಾ ಮೊದಲೇ ಮಾತಾಡುವವಳಲ್ಲ. ಹೊಗಳಿಕೆ ಗಂಟಲಲ್ಲಿ ಅರ್ಧ ಇಳಿದಿತ್ತು. ಆಗ ಪಕ್ಕದ ಕುರ್ಚಿಯಲ್ಲಿ ಒಬ್ಬ ಸಣ್ಣ ವಯಸ್ಸಿನ ತಾಯಿ ಮಗುವಿನ ಬೆರಳು ಹಿಡಿದುಕೊಂಡಿರುವುದು ಕಂಡಿತು. ಹೊಸಬಳು. ಮಗುವಿನ ಇನ್ನೊಂದು ಕೈಯಲ್ಲಿ ಅರ್ಧ ಸುಲಿದ ಕಿತ್ತಳೆ ಇತ್ತು.

"ನಾನೇನೂ ಮಾಡಿಲ್ಲ. ನನ್ನ ಹಳೇ ಪುಟದಲ್ಲಿರೋದೆಲ್ಲ ತಪ್ಪು," ಎಂದಳು ಲೊರೆಟಾ ಗಟ್ಟಿಯಾಗಿ. "ನನ್ನ ಕೈಯಲ್ಲಿ ಜಾಮ್ ಇರ್ತಿತ್ತು. ಸ್ಪಿರಿಟ್ಟಿಗೆ ಹೋಗಲ್ಲ ಅದು. ಸೋಪು ಹಾಕಿ ತೊಳೀಬೇಕು. ಮಗೂನೂ ತೊಳೀಬೇಕು, ಹಿಡ್ಕೊಳ್ಳೋರೂ ತೊಳೀಬೇಕು. ಸರಿಯಾಗಿ ಮಾಡಿದೋಳು ಮೋನಾ ಟೋಬಿನ್. ನನ್ನ ಗಂಡನ ಅಕ್ಕ. ಹೊರಗೆ ಕೂತಿದಾಳೆ."

ಮನೆಗೆ ಬರುವ ದಾರಿಯಲ್ಲಿ ನೋರೀನ್ ಹಿಂದಿನ ಸೀಟಿನಲ್ಲಿ ನಿದ್ದೆ ಹೋದಳು. ಮೋನಾ ಹಿಮದ ಮೇಲೆ ಮೆಲ್ಲಗೆ ಕಾರು ಓಡಿಸುತ್ತಿದ್ದಳು.

"ನಿನ್ನ ಹೆಸರು ಹೇಳಿದೆ," ಎಂದಳು ಲೊರೆಟಾ.

"ಕೇಳಿಸ್ತು. ಬಾಗ್ಲು ತೆಗ್ದಿತ್ತು."

"ಹಲ್ಲು ಕಿತ್ಕೊಂಡಂಗಾಯ್ತು. ಈಗ್ಲೂ ಉರೀತಿದೆ. ಆ ನರ್ಸ್ ಹೊರಗೆ ಬಂದು ನಿನ್ನ ಕೈ ಕುಲುಕಿದ್ದು ನೋಡಿದ್ನಲ್ಲ."

ಮೋನಾ ರಸ್ತೆಯಿಂದ ಕಣ್ಣು ತೆಗೆಯಲಿಲ್ಲ. "ನಂಗೂ ಉರೀತಿತ್ತು," ಎಂದಳು.

"ನಿಂಗಾ? ಯಾತಕ್ಕೆ?"

"ಮೊದಲ್ನೇ ಗುರುವಾರ ಅವ್ಳು ಬಂದಾಗ ನಾನೂ ಹಿಂಗೇ ಕೈ ಚಾಚಿದ್ದೆ. 'ಬೆರಳು ಕೊಡು ಮಗಾ, ನಾನು ಹಿಡ್ಕೋತೀನಿ' ಅಂದೆ. ಕೊಡ್ಲಿಲ್ಲ. 'ಅದು ಅಮ್ಮನ ಕೆಲಸ ಅತ್ತೆ, ಇಲ್ಲಿ ನಾನೇ ಮಾಡ್ಕೋತೀನಿ' ಅಂದ್ಲು. ಒಂದೇ ಒಂದು ದಿನಾನೂ ಕೊಡ್ಲಿಲ್ಲ ಲೊರೆಟಾ. ಬೇರೆ ಕೈ ಸೋಕ್ಲಿಲ್ಲ, ಅದಕ್ಕೇ ಅಲ್ವೇನೇ ನನ್ನ ಪುಟ ಸರಿ ಬಂದಿದ್ದು."

ಲೊರೆಟಾ ಹಿಂದಕ್ಕೆ ತಿರುಗಿ ನೋಡಿದಳು. ನೋರೀನ್ ಬಾಯಿ ತೆರೆದುಕೊಂಡು ಮಲಗಿದ್ದಳು. ಚುಚ್ಚಿ ಚುಚ್ಚಿ ತುದಿ ಒರಟಾದ ಬೆರಳುಗಳು ಸೀಟಿನ ಅಂಚಿನಿಂದ ಇಳಿಬಿದ್ದಿದ್ದವು. ನಲವತ್ತು ವರ್ಷದಲ್ಲಿ ಮೊದಲ ಸಲ, ಯಾರೋ ಒಬ್ಬರು ಅವಳನ್ನು ನೋಡಿ ಹೊಟ್ಟೆ ಉರಿದುಕೊಂಡಿದ್ದರು. ತೊಡೆಯ ಮೇಲೆ ಇಟ್ಟುಕೊಂಡಿದ್ದ ತನ್ನ ಶುಚಿಯಾದ ಕೈಗಳನ್ನು ನೋಡುತ್ತಾ, ಊರು ಬರುವವರೆಗೂ ಸುಮ್ಮನೆ ಅಳುತ್ತಾ ಕೂತಳು.